ಸೀಸದ ಭಾರ, ಎತ್ತಿನ ಬೆನ್ನು

ರೈಲು, ಲಾರಿಗಳಿಲ್ಲದ ಕಾಲದಲ್ಲಿ ಕರಾವಳಿಯ ಬಂದರಿನಿಂದ ಮಲೆನಾಡಿನ ರಾಜಧಾನಿಗೆ ಭಾರದ ಸರಕು ಹೇಗೆ ಏರುತ್ತಿತ್ತು? ನಗರ, ನಿಟ್ಟೂರು ಸೀಮೆಯ ಹಳೆಯ ಘಟ್ಟದ ಹಾದಿಗಳು ಹೇಳುವ ಕಥೆ ಇದು.

ಹೊಸನಗರ ತಾಲ್ಲೂಕಿನ ನಿಟ್ಟೂರಿನಲ್ಲಿ ಕೊಲ್ಲೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಕೊಡಚಾದ್ರಿಯ ಸೆರಗಿನಲ್ಲಿ ಸಾಗುವ ದಾರಿ ನಾಗೋಡಿ ದಾಟಿದ ಮೇಲೆ ಇಳಿಯತೊಡಗುತ್ತದೆ. ತಿರುವಿನ ಮೇಲೆ ತಿರುವು. ಒಂದು ಮಗ್ಗುಲಿಗೆ ಕಾಡಿನ ಗೋಡೆ, ಇನ್ನೊಂದು ಮಗ್ಗುಲಿಗೆ ಕಣಿವೆ. ಡ್ರೈವರ್ ಗೇರು ಬದಲಿಸುತ್ತಾನೆ, ಮಕ್ಕಳು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಾರೆ. ಹೊಟ್ಟೆ ತೊಳಸಿದ ಒಂದಿಬ್ಬರು ಕಿಟಕಿಯಿಂದ ಹೊರಕ್ಕೆ ತಲೆ ಹಾಕುವಷ್ಟರಲ್ಲಿ ಮೂಕಾಂಬಿಕೆಯ ಸನ್ನಿಧಿ ಬಂದೇ ಬಿಡುತ್ತದೆ.

ಈಗ ಆ ಬಸ್ಸನ್ನೂ ಡಾಂಬರನ್ನೂ ಸೇತುವೆಗಳನ್ನೂ ಮನಸ್ಸಿನಿಂದ ಅಳಿಸಿಬಿಡಿ. ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಿ. ಕರಾವಳಿಯ ಬಂದರಿನಲ್ಲಿ ಹಡಗಿನಿಂದ ಇಳಿಸಿದ ಒಂದು ಟನ್ ಸೀಸ ನಿಮ್ಮ ಮುಂದಿದೆ ಎಂದುಕೊಳ್ಳಿ. ಅದನ್ನು ಘಟ್ಟದ ಮೇಲಿನ ನಗರದ ಕೋಟೆಗೆ ಮುಟ್ಟಿಸಬೇಕು. ಗಾಡಿ ಏರುವಂಥ ದಾರಿ ಇಲ್ಲ. ಮುಂಗಾರು ಹಿಡಿಯಲು ಆರು ವಾರ ಮಾತ್ರ ಉಳಿದಿದೆ. ಏನು ಮಾಡುತ್ತೀರಿ?

ಇದು ಕಲ್ಪನೆಯ ಲೆಕ್ಕ. ಆದರೆ ಆ ಕಾಲದ ರಾಜರು, ದಂಡನಾಯಕರು, ವರ್ತಕರು ಬಿಡಿಸಬೇಕಾಗಿದ್ದ ನಿಜವಾದ ಲೆಕ್ಕವೂ ಇಂಥದ್ದೇ. ಈ ಲೆಕ್ಕ ತಪ್ಪಿದವರು ಕೋಟೆಯನ್ನೇ ಕಳೆದುಕೊಂಡರು. ಯುದ್ಧಗಳ ಕಥೆಯಲ್ಲಿ ನಾವು ಗುಂಡು ಹಾರಿಸಿದವರ ಹೆಸರು ಓದುತ್ತೇವೆ. ಹಾರುವ ಮೊದಲು ಆ ಗುಂಡು ಯಾರದೋ ಬೆನ್ನಿನ ಮೇಲೆ ಘಟ್ಟ ಹತ್ತಿರಬೇಕು ಎಂಬುದನ್ನು ಮರೆಯುತ್ತೇವೆ.

ಸೀಸದ ಗುಣ

ಸೀಸ ವಿಚಿತ್ರ ಸರಕು. ನೋಡಲು ಚಿಕ್ಕದು, ಎತ್ತಲು ಹೋದರೆ ಕೈ ಸೋಲುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಅಷ್ಟೇ ಗಾತ್ರದ ಸೀಸ ಹನ್ನೊಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ನಿಮ್ಮ ಬಚ್ಚಲುಮನೆಯ ಹತ್ತು ಲೀಟರಿನ ಬಕೆಟ್ಟಿನಲ್ಲಿ ನೂರು ಕಿಲೋ ಸೀಸ ಹಿಡಿಸಿ, ಮೇಲೆ ಇನ್ನೂ ಜಾಗ ಉಳಿಯುತ್ತದೆ. ಅದೇ ನೂರು ಕಿಲೋ ಅಕ್ಕಿಗೆ ಅಂಥ ಹನ್ನೆರಡು ಬಕೆಟ್ ಬೇಕು. ಒಣ ಮೆಣಸಿನ ಕಾಳಿಗೆ ಇನ್ನೂ ಹೆಚ್ಚು.

ಇದರ ಇನ್ನೊಂದು ಗುಣ ಬೇಗ ಕರಗುವುದು. ಕಬ್ಬಿಣ ಕರಗಲು 1,500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸೀಸ ಸುಮಾರು 327 ಡಿಗ್ರಿಗೇ ನೀರಾಗುತ್ತದೆ. ಸೌದೆಯ ಒಲೆಯೇ ಸಾಕು. ಆದ್ದರಿಂದ ಸೈನ್ಯ ಬೀಡು ಬಿಟ್ಟಲ್ಲೇ ಒಲೆ ಹೂಡಿ, ಅಚ್ಚಿಗೆ ಹೊಯ್ದು ಬಂದೂಕಿನ ಗುಂಡು ಮಾಡಿಕೊಳ್ಳಬಹುದಿತ್ತು. ಸೀಸವನ್ನು ಗಟ್ಟಿಗಳ ರೂಪದಲ್ಲಿ ಸಾಗಿಸಿದರೆ ಸಾಕಾಗುತ್ತಿದ್ದುದು ಇದೇ ಕಾರಣಕ್ಕೆ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಿಪಾಯಿಯ ಬಂದೂಕಿಗೆ ಒಂದು ಪೌಂಡ್ ಸೀಸದಿಂದ ಸುಮಾರು ಹದಿನಾಲ್ಕು ಗುಂಡುಗಳಾಗುತ್ತಿದ್ದವು. ಆ ಲೆಕ್ಕದಲ್ಲಿ ನೂರು ಕಿಲೋ ಸೀಸವೆಂದರೆ ಮೂರು ಸಾವಿರ ಗುಂಡು. ಸಾವಿರ ಸಿಪಾಯಿಗಳಿಗೆ ತಲೆಗೆ ಅರವತ್ತರಂತೆ ಗುಂಡು ಕೊಡಬೇಕಾದರೆ ಸುಮಾರು ಎರಡು ಟನ್ ಸೀಸ ಬೇಕು. ಮದ್ದು ಬೇರೆ, ಅಕ್ಕಿ ಬೇರೆ, ಫಿರಂಗಿಯ ಗುಂಡು ಬೇರೆ.

ಕಬ್ಬಿಣವನ್ನು ಮೈಸೂರು ಸೀಮೆಯ ಹಳ್ಳಿಗಳಲ್ಲೇ ಕುಲುಮೆ ಹಚ್ಚಿ ತೆಗೆಯುತ್ತಿದ್ದರು. ಸೀಸಕ್ಕೆ ಹೆಚ್ಚಾಗಿ ಹೊರಗಿನ ನೆಲವನ್ನೇ ನೋಡಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇಂಗ್ಲೆಂಡಿನಿಂದ ತರುತ್ತಿದ್ದ ಸರಕಿನಲ್ಲಿ ಉಣ್ಣೆಯ ಬಟ್ಟೆ, ಕಬ್ಬಿಣ, ತಾಮ್ರಗಳ ಜೊತೆಗೆ ಸೀಸವೂ ಇರುತ್ತಿತ್ತು. ಅವು ಹಿಂದಿರುಗುವಾಗ ಕೇಳುತ್ತಿದ್ದುದು ನಮ್ಮ ಘಟ್ಟದ ಮೆಣಸನ್ನು.

ಹಾಗೆಂದು ಸೀಸ ನಮಗೆ ಆಗಷ್ಟೇ ಪರಿಚಯವಾದ ಲೋಹವಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಉತ್ತರ ಕನ್ನಡದ ಕಾರವಾರದ ಕಡೆಯಲ್ಲಿ ಸಾತವಾಹನರ ಕಾಲದ ಮತ್ತು ಬನವಾಸಿಯ ಚುಟು ಅರಸರ ಸೀಸದ ನಾಣ್ಯಗಳು ಸಿಕ್ಕಿವೆ. ಅಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಭಾರದ ಲೋಹ ನಮ್ಮ ಹಾದಿಗಳಲ್ಲಿ ಓಡಾಡಿತ್ತು.

ನಗರಕ್ಕೆ ಏರುವ ಹಾದಿಗಳು

ನಿಟ್ಟೂರಿನವರಿಗೆ ನಗರವೆಂದರೆ ಹತ್ತಿರದ ಊರು. ಇತಿಹಾಸದ ಪುಸ್ತಕದಲ್ಲಿ ಅದು ಬಿದನೂರು. ಕೆಳದಿಯ ಅರಸರು 1640ರ ಸುಮಾರಿಗೆ ಇಕ್ಕೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಶಿವಪ್ಪ ನಾಯಕನ ಕಾಲದಲ್ಲಿ ಅದು ದೊಡ್ಡ ಪೇಟೆಯಾಗಿ ಬೆಳೆಯಿತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದು ಕರೆದ. ಜನರ ಬಾಯಲ್ಲಿ ಅದು ನಗರವಾಗಿ ಉಳಿಯಿತು.

ಕಾಡಿನ ನಡುವೆ, ಮಳೆಯ ತವರಿನಲ್ಲಿ ರಾಜಧಾನಿ ಏಕೆ? ಉತ್ತರ ದಾರಿಯಲ್ಲಿದೆ. ನಗರದಿಂದ ಪಶ್ಚಿಮಕ್ಕೆ ಹೊರಟರೆ ಹೊಸಂಗಡಿ ಘಟ್ಟ ಇಳಿದು ಕುಂದಾಪುರ, ಬಸರೂರುಗಳನ್ನು ಸೇರಬಹುದು. ನಿಟ್ಟೂರು, ನಾಗೋಡಿಯ ಮೇಲೆ ಹಾದು ಕೊಲ್ಲೂರಿಗೆ ಇಳಿಯಬಹುದು. ದಕ್ಷಿಣಕ್ಕೆ ಆಗುಂಬೆ, ಉತ್ತರಕ್ಕೆ ಗೇರುಸೊಪ್ಪೆ. ಮೇಲಿನ ಮೆಣಸು, ಅಡಕೆ, ಏಲಕ್ಕಿ, ಗಂಧ ಕೆಳಗೆ ಇಳಿಯಬೇಕು. ಕೆಳಗಿನ ಉಪ್ಪು, ಕೊಬ್ಬರಿ, ಕಡಲು ದಾಟಿ ಬಂದ ಲೋಹ ಮೇಲೆ ಏರಬೇಕು. ಘಟ್ಟದ ಬಾಯಿಗಳನ್ನು ಹಿಡಿದವನ ಕೈಯಲ್ಲಿ ಸುಂಕವೂ ಇರುತ್ತಿತ್ತು, ಯುದ್ಧದ ಸಾಮಗ್ರಿಯೂ ಇರುತ್ತಿತ್ತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಬಂದವನು ಘಟ್ಟದ ಕಾಡನ್ನು ಕಂಡು ಮೆಚ್ಚಿ ಬರೆದಿದ್ದಾನೆ. ಅದು ಮನುಷ್ಯರು ನಡೆದು, ಪಲ್ಲಕ್ಕಿಯಲ್ಲಿ ಕುಳಿತು ಏರುವ ದಾರಿ. ಭಾರದ ಸರಕಿಗೆ ಬೇರೆ ಏರ್ಪಾಡು ಬೇಕಿತ್ತು. ಅದರ ಹೆಸರು ಹೇರು.

ಹೇರಿನ ಲೆಕ್ಕಾಚಾರ

ಒಂದು ಎತ್ತು ಹೊರುವ ಹೊರೆಗೆ ಹೇರು ಎಂದು ಹೆಸರು, ಹೊರುವ ಎತ್ತಿಗೆ ಹೇರೆತ್ತು. ಗಾಡಿ ಎಳೆಯುವುದು ಒಂದು ಕೆಲಸ, ಬೆನ್ನಿನ ಮೇಲೆ ಹೊತ್ತು ನಡೆಯುವುದು ಇನ್ನೊಂದು. ಬೆನ್ನಿಗೆ ಮೆತ್ತನೆಯ ಹಾಸು ಹಾಕಿ, ಅದರ ಮೇಲೆ ಜೋಡಿ ಗೋಣಿಯನ್ನು ಅಡ್ಡಲಾಗಿ ಎಸೆಯುತ್ತಿದ್ದರು. ಎಡಕ್ಕೊಂದು ಚೀಲ, ಬಲಕ್ಕೊಂದು ಚೀಲ. ಎತ್ತಿನ ಗಾತ್ರ, ದಾರಿಯ ಏರು ನೋಡಿ ನೂರು ಕಿಲೋ, ಅದಕ್ಕಿಂತ ಸ್ವಲ್ಪ ಹೆಚ್ಚು ಹೊರಿಸಬಹುದಿತ್ತು.

ಇಲ್ಲಿ ಮೊದಲ ನಿಯಮ ಸಮತೂಕ. ಒಂದು ಚೀಲ ಐದು ಕಿಲೋ ಹೆಚ್ಚಾದರೂ ಹೊರೆ ಒಂದು ಕಡೆ ವಾಲುತ್ತದೆ. ಇಳಿಜಾರಿನಲ್ಲಿ ವಾಲಿದ ಹೊರೆ ಎತ್ತನ್ನೇ ಕಣಿವೆಗೆ ಎಳೆಯುತ್ತದೆ. ಅಕ್ಕಿ, ಉಪ್ಪಾದರೆ ಅಳೆದು ಸುರಿದು ಸರಿ ಮಾಡಬಹುದು. ಸೀಸದ ಗಟ್ಟಿಯನ್ನು ಹಾಗೆ ಸುರಿಯಲಾಗದು. ಎರಡೂ ಕಡೆಗೆ ತೂಕ ಸರಿಹೊಂದುವ ಗಟ್ಟಿಗಳನ್ನೇ ಆರಿಸಬೇಕು, ಇಲ್ಲವೇ ಕತ್ತರಿಸಬೇಕು.

ಎರಡನೆಯ ತೊಡಕು ಸೀಸದ ಚಿಕ್ಕತನದಿಂದಲೇ ಬರುವುದು. ಅಕ್ಕಿಯ ಚೀಲ ಎತ್ತಿನ ಪಕ್ಕೆಯ ಉದ್ದಕ್ಕೂ ಹರಡಿಕೊಂಡು ಭಾರವನ್ನು ಹಂಚುತ್ತದೆ. ಸೀಸದ ಗಟ್ಟಿ ಒಂದೇ ಕಡೆ ಒತ್ತುತ್ತದೆ. ಹಾಸು ದಪ್ಪವಾಗಿರದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಎತ್ತು ತಿಂಗಳುಗಟ್ಟಲೆ ಹೊರೆಗೆ ಒದಗುವುದಿಲ್ಲ. ಇಷ್ಟು ಚಿಕ್ಕ ಹೊರೆ ತಾನೇ ಎಂದು ಇನ್ನೊಂದು ಗಟ್ಟಿ ಹೆಚ್ಚಿಗೆ ಹೇರುವ ಆಸೆಯೂ ಆಗುತ್ತದೆ. ಕಣ್ಣನ್ನು ನಂಬದೆ ತಕ್ಕಡಿಯನ್ನು ನಂಬುವವನೇ ಒಳ್ಳೆಯ ಸಾಗಣೆದಾರ.

ತಕ್ಕಡಿಯ ವಿಷಯವೂ ಸುಲಭವಾಗಿರಲಿಲ್ಲ. ಮಣ, ಸೇರು, ಖಂಡುಗಗಳು ಊರಿಗೊಂದು ಅಳತೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ನಗರದ ಸೀಮೆಗೂ ಬಂದಿದ್ದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳ ಗ್ರಂಥ ಪ್ರಕಟಿಸಿದ. ಹೋದಲ್ಲೆಲ್ಲ ಅಲ್ಲಿನ ತೂಕ, ಅಳತೆಗಳನ್ನು ವಿಚಾರಿಸಿ ಬರೆದುಕೊಳ್ಳುವುದು ಅವನ ಕ್ರಮವಾಗಿತ್ತು. ಬಂದರಿನ ಮಣವನ್ನು ಪೇಟೆಯ ಮಣಕ್ಕೆ ತಿರುಗಿಸಲು ಬಾರದ ವರ್ತಕ ಘಟ್ಟ ಹತ್ತುವಷ್ಟರಲ್ಲಿ ಲಾಭ ಕಳೆದುಕೊಳ್ಳುತ್ತಿದ್ದ.

ಮೂರನೆಯದು ಮೇವು. ಒಂದು ಎತ್ತಿಗೆ ದಿನಕ್ಕೆ ಸುಮಾರು ಆರು ಕಿಲೋ ಒಣ ಮೇವು ಬೇಕೆಂದುಕೊಳ್ಳಿ. ಅದನ್ನೂ ಎತ್ತೇ ಹೊರಬೇಕಾದರೆ, ಹದಿನಾರು ಹದಿನೇಳು ದಿನಗಳಲ್ಲಿ ಅದು ತಾನು ಹೊತ್ತ ನೂರು ಕಿಲೋವನ್ನೂ ತಿಂದು ಮುಗಿಸುತ್ತದೆ. ಸರಕಿಗೆ ಜಾಗವೇ ಇಲ್ಲ! ಆದ್ದರಿಂದ ದಾರಿಯಲ್ಲೇ ಮೇಯಿಸಿಕೊಂಡು ಹೋಗಬೇಕು. ಮೇಯಲು ಹೊತ್ತು ಬೇಕು, ಮೆಲುಕು ಹಾಕಲು ಹೊತ್ತು ಬೇಕು. ಅದಕ್ಕೇ ಹೇರೆತ್ತಿನ ಪಯಣ ನಿಧಾನ. ಬೆಳಗಿನ ತಂಪಿನಲ್ಲಿ ನಡೆದು, ಬಿಸಿಲೇರಿದಾಗ ಹೊರೆ ಇಳಿಸಿ, ಹಳ್ಳದ ಬದಿಯಲ್ಲಿ ಮೇಯಲು ಬಿಡುವುದು ವಾಡಿಕೆ.

ನಾಲ್ಕನೆಯದು ಮಳೆ. ಆಗುಂಬೆ, ಹುಲಿಕಲ್ ಕಡೆಯ ಮಳೆಯನ್ನು ಕಂಡವರಿಗೆ ವಿವರಿಸಬೇಕಿಲ್ಲ. ಮುಂಗಾರು ಹಿಡಿದರೆ ಹಾಯಿಹಡಗುಗಳಿಗೆ ಪಶ್ಚಿಮ ಕರಾವಳಿ ಮುಚ್ಚಿತು. ಹಳ್ಳಗಳು ತುಂಬಿ, ಜಿಗಣೆಗಳು ಎದ್ದು, ಕಲ್ಲಿನ ಮೇಲೆ ಪಾಚಿ ಕಟ್ಟಿ ಘಟ್ಟವೂ ಮುಚ್ಚಿತು. ವರ್ಷದ ಸರಕೆಲ್ಲ ಉಳಿದ ಏಳೆಂಟು ತಿಂಗಳಲ್ಲಿ ಏರಬೇಕು, ಇಳಿಯಬೇಕು.

ಹಾಗಾದರೆ ಮೊದಲು ಕೇಳಿದ ಒಂದು ಟನ್ ಸೀಸಕ್ಕೆ ಉತ್ತರವೇನು? ಹೊರಲು ಹತ್ತು ಎತ್ತು, ಕುಂಟಿದವಕ್ಕೆ ಬದಲಿಯಾಗಿ ಎರಡು ಮೂರು, ಜನರ ಅಕ್ಕಿ ಪಾತ್ರೆಗಳಿಗೆ ಇನ್ನೊಂದು. ಜೊತೆಗೆ ದಾರಿ ಬಲ್ಲ ನಾಲ್ಕೈದು ಜನ, ಹೊರೆ ಇಳಿಸಲು ತಂಗುದಾಣಗಳು, ಕಟ್ಟೆಯಲ್ಲಿ ಕೊಡಲು ಸುಂಕದ ಹಣ. ಒಂದು ಬಕೆಟ್ಟಿನಷ್ಟು ಸೀಸದ ಹಿಂದೆ ಒಂದು ಎತ್ತು, ಒಂದು ಟನ್ನಿನ ಹಿಂದೆ ಒಂದು ಚಿಕ್ಕ ಸಂಸಾರ.

ನಡೆಯುವ ಊರುಗಳು

ಇಂಥ ಹತ್ತಾರು ಎತ್ತುಗಳ ಸಾಲನ್ನು ಊರಿನ ವರ್ತಕರೇ ಹೊರಡಿಸಬಹುದು. ಸಾವಿರ ಎತ್ತುಗಳ ಕೆಲಸ ಬೇರೆ. ಅದನ್ನು ಬಲ್ಲವರು ಬಂಜಾರರು, ನಮ್ಮ ಲಂಬಾಣಿಗರ ಹಿರಿಯರು. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಅಕ್ಕಿ, ದವಸ, ಉಪ್ಪು ಹೊತ್ತು ಹೋಗುವುದನ್ನು ಬೆರಗಿನಿಂದ ವರ್ಣಿಸಿದ್ದಾನೆ. ಲವಣ ಎಂಬ ಮಾತಿನಿಂದಲೇ ಲಂಬಾಣಿ ಎಂಬ ಹೆಸರು ಬಂತೆಂದು ಹೇಳುವವರೂ ಇದ್ದಾರೆ.

ತಾಂಡಾ ಎಂದರೆ ಇಂದು ನಮಗೆ ಒಂದು ಜಾಗದಲ್ಲಿ ನೆಲೆ ನಿಂತ ಊರು. ಆಗ ಅದು ನಡೆಯುವ ಊರು. ಹೆಂಗಸರು, ಮಕ್ಕಳು, ನಾಯಿಗಳು, ಎತ್ತುಗಳು ಎಲ್ಲವೂ ಒಟ್ಟಿಗೆ. ಮುಂದಿನ ಎತ್ತಿಗೆ ಗಂಟೆ. ರಾತ್ರಿ ತಂಗಿದಲ್ಲಿ ಗೋಣಿಗಳನ್ನು ಸುತ್ತಲೂ ಪೇರಿಸಿ ಕೋಟೆಯಂತೆ ಮಾಡಿಕೊಳ್ಳುತ್ತಿದ್ದರು. ನಾಯಕನ ಮಾತೇ ಕಾನೂನು. ಎಲ್ಲಿ ನೀರಿದೆ, ಯಾವ ಹಳ್ಳ ಯಾವಾಗ ದಾಟಬಹುದು, ಯಾವ ಊರಿನ ಗೋಮಾಳದಲ್ಲಿ ಎಷ್ಟು ದಿನ ಮೇಯಿಸಬಹುದು, ಎಲ್ಲವೂ ಅವನ ತಲೆಯಲ್ಲಿ. ಕಾಗದ, ನಕ್ಷೆಗಳಿಲ್ಲದೆ ನಡೆದ ದೊಡ್ಡ ಸಾರಿಗೆ ಸಂಸ್ಥೆ ಅದು.

ದಾರಿ ಕಡಿದಾಗ: 1783

ಸಾಗಣೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಗರದ ಕೋಟೆಯೇ ಸಾಕ್ಷಿ.

1779ರಲ್ಲಿ ಇಂಗ್ಲಿಷರು ಮಲಬಾರ್ ತೀರದ ಮಾಹೆಯನ್ನು ಹಿಡಿದರು. ಅದು ಫ್ರೆಂಚರ ಬಂದರು. ಹೈದರಾಲಿಗೆ ಫ್ರೆಂಚರಿಂದ ಯುದ್ಧ ಸಾಮಗ್ರಿ ಬರುತ್ತಿದ್ದ ಬಾಗಿಲು ಅದು. ಮರುವರ್ಷ ಎರಡನೆಯ ಮೈಸೂರು ಯುದ್ಧ ಹೊತ್ತಿಕೊಳ್ಳಲು ಅದೂ ಒಂದು ಕಾರಣವಾಯಿತು. ಒಂದು ಚಿಕ್ಕ ಬಂದರಿಗಾಗಿ ಇಷ್ಟು ರೋಷವೇಕೆ ಎಂದು ಈಗ ಅನ್ನಿಸಬಹುದು. ಸೀಸದಂಥ ಸರಕನ್ನು ಹೊರಗಿನಿಂದಲೇ ತರಿಸಬೇಕಾದ ದೊರೆಗೆ ಬಂದರು ಎಂದರೆ ಗಂಟಲು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1783ರ ಜನವರಿಯಲ್ಲಿ ಬೊಂಬಾಯಿಯ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಹೊನ್ನಾವರ, ಕುಂದಾಪುರಗಳನ್ನು ಹಿಡಿದು ಹೊಸಂಗಡಿ ಘಟ್ಟ ಹತ್ತಿದ. ಘಟ್ಟದ ಕಾವಲುಗಳನ್ನು ಒಂದೊಂದಾಗಿ ಮುರಿದು ಮೇಲೆ ಬಂದವನಿಗೆ ನಗರದ ಅಧಿಕಾರಿ ಅಯಾಜ್ ಖಾನ್ ಕೋಟೆಯನ್ನು ಒಪ್ಪಿಸಿದ. ತಿಂಗಳು ಮುಗಿಯುವುದರೊಳಗೆ ಕೆಳದಿಯವರ ಹಳೆಯ ರಾಜಧಾನಿ ಇಂಗ್ಲಿಷರದಾಯಿತು.

ಟಿಪ್ಪು ಆಗ ಪೂರ್ವದ ಕರ್ನಾಟಿಕ್ ಸೀಮೆಯಲ್ಲಿದ್ದ. ಸುದ್ದಿ ತಿಳಿದು ಪರ್ಯಾಯದ್ವೀಪವನ್ನೇ ಅಡ್ಡಹಾಯ್ದು ಬಂದ. ಅವನು ಮಾಡಿದ ಜಾಣ ಕೆಲಸವೆಂದರೆ ಕೋಟೆಯ ಜೊತೆಗೆ ಘಟ್ಟದ ಹಾದಿಗಳನ್ನೂ ಹಿಡಿದದ್ದು. ಕರಾವಳಿಗೂ ನಗರಕ್ಕೂ ನಡುವಿನ ದಾರಿ ಕಡಿಯಿತು. ಕೋಟೆಯೊಳಗೆ ಸಿಕ್ಕಿಬಿದ್ದವರಿಗೆ ಕೆಳಗಿನಿಂದ ಅಕ್ಕಿಯಾಗಲಿ ಮದ್ದುಗುಂಡಾಗಲಿ ಏರಿ ಬರುವಂತಿರಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ. ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ.

ನಿಟ್ಟೂರು, ಹೊಸಂಗಡಿ ಕಡೆಯ ಕಾಡುಹಾದಿಗಳ ಬೆಲೆ ಆ ಮೂರು ತಿಂಗಳಲ್ಲಿ ಎರಡು ಸಲ ಗೊತ್ತಾಯಿತು. ಹತ್ತಿದವನು ಗೆದ್ದ, ಹಾದಿ ಕಳೆದುಕೊಂಡ ಮೇಲೆ ಸೋತ.

ಬೆಣ್ಣೆ ಚಾವಡಿಯ ಎತ್ತುಗಳು

ಟಿಪ್ಪು ಅಷ್ಟು ಬೇಗ ಬಂದದ್ದು ಹೇಗೆ? ಮೈಸೂರಿನ ಹಳೆಯ ಗೆಜೆಟಿಯರ್ ಇದರ ಕೀರ್ತಿಯನ್ನು ಅಮೃತಮಹಲ್ ಎತ್ತುಗಳಿಗೆ ಕೊಡುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಶುರುವಾದ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಹೈದರ್ ಅದರ ಎತ್ತುಗಳನ್ನು ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಸಾಗಿಸಲು ಹಚ್ಚಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಸಾಕಣೆಯ ನಿಯಮಗಳನ್ನು ಬರೆಸಿದ. ಅವುಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆ ಇಂದಿಗೂ ಕೇಳಿಬರುವ ಅಮೃತಮಹಲ್ ಕಾವಲುಗಳು. ಎತ್ತು, ಹುಲ್ಲು, ದಾರಿ ಮೂರನ್ನೂ ಒಂದೇ ಇಲಾಖೆಯ ಕೆಳಗೆ ತಂದದ್ದು ಆ ಕಾಲಕ್ಕೆ ದೊಡ್ಡ ಯೋಚನೆ.

ಇಂಥ ಏರ್ಪಾಡಿಲ್ಲದೆ ಬಂದವರ ಪಾಡು 1791ರಲ್ಲಿ ಕಂಡಿತು. ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಡನೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಅರಕೆರೆಯ ಬಳಿಯ ಕಾಳಗದಲ್ಲಿ ಗೆದ್ದ. ಆದರೆ ಮೇವಿಲ್ಲದೆ, ಮಳೆಗೆ ಸಿಕ್ಕಿ, ರೋಗ ಬಡಿದು ಅವನ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಕೋಟೆ ಕಣ್ಣೆದುರಿಗೇ ಇತ್ತು, ಫಿರಂಗಿ ಎಳೆಯಲು ಎತ್ತಿರಲಿಲ್ಲ. ತಾನು ತಂದ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮುಂದಿನ ವರ್ಷ ಅವನು ಮತ್ತೆ ಬರುವ ಹೊತ್ತಿಗೆ ಬಂಜಾರರ ಎತ್ತುಗಳನ್ನು ಗೊತ್ತುಮಾಡಿಕೊಂಡಿದ್ದ. 1792ರ ಯುದ್ಧದ ಫಲ ನಮಗೆಲ್ಲ ಗೊತ್ತೇ ಇದೆ.

ಸೀಸ ಹೊತ್ತ ಇಂಗ್ಲೆಂಡಿನ ಕುದುರೆಗಳು

ಕಷ್ಟ ನಮ್ಮ ಘಟ್ಟಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಬಂದರುಗಳಿಗೆ ಬರುತ್ತಿದ್ದ ಸೀಸ ಹುಟ್ಟುತ್ತಿದ್ದ ನಾಡಿನಲ್ಲೂ ಅದೇ ಪಾಡಿತ್ತು. ಇಂಗ್ಲೆಂಡಿನ ಉತ್ತರದ ಪೆನ್ನೈನ್ ಬೆಟ್ಟಗಳು ಸೀಸದ ಗಣಿಗಳಿಗೆ ಹೆಸರಾದವು. ಕೈಗಾರಿಕಾ ಕ್ರಾಂತಿ ಶುರುವಾದ ಕಾಲದಲ್ಲಿ ಮನೆಯ ಸೂರಿಗೆ, ನೀರಿನ ಕೊಳವೆಗೆ, ಬಣ್ಣಕ್ಕೆ, ಗುಂಡಿಗೆ ಎಲ್ಲಕ್ಕೂ ಸೀಸ ಬೇಕಾಯಿತು. ಗಣಿಗಳಿದ್ದ ಜೌಗು ಬೆಟ್ಟಗಳಲ್ಲಿ ಮಾತ್ರ ಗಾಡಿಯ ದಾರಿ ಇರಲಿಲ್ಲ.

ಅಲ್ಲಿನ ಹೇರೆತ್ತು ಗ್ಯಾಲೊವೆ ಎಂಬ ಗಿಡ್ಡ ಜಾತಿಯ ಕುದುರೆ. ಬೆನ್ನಿನ ಎರಡೂ ಕಡೆಗೆ ಚೀಲ, ಒಟ್ಟು ಸುಮಾರು ನೂರು ಕಿಲೋ ಅದಿರು. ಮುಂದಿನ ಕುದುರೆಗೆ ಗಂಟೆ. ಚಳಿಗಾಲದಲ್ಲಿ ದಾರಿ ಕೆಸರು, ಹಿಮ. ಸಾಗಣೆಯೆಲ್ಲ ಹೆಚ್ಚಾಗಿ ಬೇಸಗೆಯಲ್ಲಿ. ಒಬ್ಬರನ್ನೊಬ್ಬರು ಕಾಣದ ಎರಡು ಖಂಡಗಳ ಜನ ಒಂದೇ ಉತ್ತರ ಕಂಡುಕೊಂಡಿದ್ದರು: ಸಮ ಮಾಡಿದ ಎರಡು ಚೀಲ, ನೂರು ಕಿಲೋದ ಆಸುಪಾಸಿನ ಹೊರೆ, ಮುಂದೊಂದು ಗಂಟೆ, ಹವಾಮಾನ ನೋಡಿ ಪಯಣ. ಬೆಟ್ಟವೂ ಪ್ರಾಣಿಯ ಬೆನ್ನೂ ಎಲ್ಲ ಕಡೆಯೂ ಒಂದೇ ಪಾಠ ಕಲಿಸುತ್ತವೆ.

ಒಂದು ವಿಷಯದಲ್ಲಿ ಮಾತ್ರ ಆ ಕುದುರೆಗಳ ಕಥೆ ಬೇರೆ. ಅವುಗಳ ಮೂತಿಗೆ ಕುಕ್ಕೆ ಕಟ್ಟುತ್ತಿದ್ದರು. ನಮ್ಮಲ್ಲಿ ಹುಲ್ಲುಮೆದೆಯ ಹತ್ತಿರ ಎತ್ತಿಗೆ ಕುಕ್ಕೆ ಕಟ್ಟುವುದು ತಿಂದು ಖಾಲಿ ಮಾಡದಿರಲಿ ಎಂದು. ಅಲ್ಲಿ ಕಟ್ಟಿದ್ದು ಪ್ರಾಣ ಉಳಿಯಲೆಂದು. ಚೀಲದಿಂದ ಉದುರಿದ ಅದಿರಿನ ಪುಡಿ ದಾರಿಬದಿಯ ಹುಲ್ಲಿನ ಮೇಲೆ ಕೂತು, ಮೇದ ಕುದುರೆಗಳಿಗೆ ವಿಷವೇರುತ್ತಿತ್ತು. ಸೀಸ ವಿಷವೆಂಬುದನ್ನು ಪ್ರಯೋಗಾಲಯಗಳು ಅಳೆದು ಹೇಳುವ ಮೊದಲೇ ಕುದುರೆ ಹೊಡೆಯುವವರು ಅದನ್ನು ಕಂಡುಕೊಂಡಿದ್ದರು.

1820ರ ದಶಕದಲ್ಲಿ ಆಲ್‌ಸ್ಟನ್ ಎಂಬ ಗಣಿ ಸೀಮೆಗೆ ಹೊಸ ರಸ್ತೆಗಳನ್ನು ಯೋಜಿಸಲು ಜಾನ್ ಮೆಕಾಡಂ ಎಂಬಾತನನ್ನು ಕರೆಸಿದರು. ಜಲ್ಲಿ ಹಾಸಿ ಗಟ್ಟಿಮಾಡಿದ ರಸ್ತೆಗೆ ಮೆಕಾಡಂ ರಸ್ತೆ ಎಂಬ ಹೆಸರು ಬಂದದ್ದು ಇವನಿಂದಲೇ. ಗಾಡಿಗಳು ಬಂದವು, ಕುದುರೆ ಸಾಲುಗಳು ಮರೆಯಾದವು.

ಗಾಡಿ ಬಂತು, ಹೇರು ಹೋಯಿತು

ನಮ್ಮಲ್ಲೂ ಹಾಗೆಯೇ ಆಯಿತು. ಬೆನ್ನ ಮೇಲೆ ಇಬ್ಬರೂ ಸೇರಿ ಇನ್ನೂರು ಕಿಲೋ ಹೊರುವ ಜೋಡಿ ಎತ್ತುಗಳು ಒಳ್ಳೆಯ ರಸ್ತೆಯಲ್ಲಿ ಗಾಡಿ ಕಟ್ಟಿದರೆ ಅದರ ಮೂರು ನಾಲ್ಕು ಪಟ್ಟು ಎಳೆಯಬಲ್ಲವು. ಹತ್ತೊಂಬತ್ತನೆಯ ಶತಮಾನದಲ್ಲಿ, ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರಾಗಿದ್ದ ಕಾಲದಿಂದ, ಘಟ್ಟಗಳಲ್ಲಿ ಗಾಡಿ ರಸ್ತೆಗಳು ಒಂದೊಂದಾಗಿ ತೆರೆದವು. ಒಳನಾಡಿನ ಸುಂಕಗಳು ಕಡಿಮೆಯಾದವು. 1899ರಲ್ಲಿ ಶಿವಮೊಗ್ಗಕ್ಕೆ ರೈಲು ಬಂತು. ಸರಕಿಗೆ ಹೊಸ ದಾರಿ ಸಿಕ್ಕಿತು, ದಾರಿಯನ್ನೇ ನಂಬಿದ್ದವರಿಗೆ ದಾರಿ ತಪ್ಪಿತು.

ಬಂಜಾರರ ಪಾಲಿಗೆ ಅದು ಬರೀ ಕಸುಬಿನ ನಷ್ಟವಾಗಿ ಉಳಿಯಲಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಹಲ ಕಡೆ ಬಂಜಾರರನ್ನೂ ಆ ಪಟ್ಟಿಗೆ ಸೇರಿಸಿದರು. ಯಾರ ಎತ್ತುಗಳಿಲ್ಲದೆ ಕಾರ್ನ್‌ವಾಲಿಸನ ಸೈನ್ಯಕ್ಕೆ ಊಟವೇ ಇರಲಿಲ್ಲವೋ, ಅವರ ಮೊಮ್ಮಕ್ಕಳು ಊರು ಬಿಡಲು ಪೊಲೀಸರ ಅಪ್ಪಣೆ ಕೇಳುವ ಸ್ಥಿತಿ ಬಂತು. ಆ ಕಾಯ್ದೆ ರದ್ದಾಗಲು 1952 ಬರಬೇಕಾಯಿತು. ಕಳಂಕ ಮಾತ್ರ ಕಾಯ್ದೆಯಷ್ಟು ಬೇಗ ಅಳಿಯುವುದಿಲ್ಲ. ತರಗತಿಯಲ್ಲಿ ನಿಮ್ಮ ಪಕ್ಕ ಕುಳಿತ ತಾಂಡಾದ ಗೆಳೆಯನ ಮುತ್ತಜ್ಜ ಒಂದು ಸಾಮ್ರಾಜ್ಯದ ಸರಕು ಸಾಗಿಸಿದವನಿರಬಹುದು ಎಂಬುದು ನೆನಪಿರಲಿ.

ಭಾರ ಈಗ ಯಾರ ಮೇಲೆ?

ಸೀಸದ ಪಯಣ ನಿಂತಿಲ್ಲ. ನಿಟ್ಟೂರಿನಿಂದ ಹೊರಟ ಬಸ್ಸಿನ ಬ್ಯಾಟರಿಯ ಒಳಗೆ ಹತ್ತಾರು ಕಿಲೋ ಸೀಸವಿದೆ. ಬಸ್ಸು ಘಟ್ಟ ಇಳಿದು ಹತ್ತುವಾಗಲೆಲ್ಲ ಅದೂ ಇಳಿದು ಹತ್ತುತ್ತದೆ. ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಸುವ ಇನ್ವರ್ಟರಿನ ಬ್ಯಾಟರಿಯಲ್ಲೂ ಹೆಚ್ಚಾಗಿ ಸೀಸವೇ.

ಅದರ ವಿಷವೂ ಬದಲಾಗಿಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ, ಅದಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ಕೈಬಿಟ್ಟಿತು. ಹಳೆಯ ಬ್ಯಾಟರಿಗಳು ಸರಿಯಾದ ಕೈ ಸೇರಲೆಂದು 2022ರಲ್ಲಿ ಹೊಸ ನಿಯಮಗಳು ಬಂದವು. ಆದರೂ ಹಳೆಯ ಬ್ಯಾಟರಿ ಗುಜರಿಯವರ ಸೈಕಲ್ಲಿಗೆ ಹೋಗಿ, ಎಲ್ಲೋ ಹಿತ್ತಲಿನಲ್ಲಿ ಒಡೆದು ಕರಗುವುದು ಪೂರ್ತಿ ನಿಂತಿಲ್ಲ. ಸೌದೆಯ ಒಲೆಗೇ ಕರಗುತ್ತದೆ ಎಂಬ ಆ ಹಳೆಯ ಗುಣವೇ ಇಲ್ಲಿ ಶಾಪ. ಇಂದು ಆ ಹೊಗೆಯ ಹತ್ತಿರ ನಿಲ್ಲುವವರಿಗೆ ಗ್ಯಾಲೊವೆ ಕುದುರೆಗಳಿಗಿದ್ದ ಕುಕ್ಕೆಯೂ ಇರುವುದಿಲ್ಲ.

ಅಪ್ಪ ಅಮ್ಮಂದಿರು ಮಾಡಬಹುದಾದ ಕೆಲಸ ಚಿಕ್ಕದು. ಹಳೆಯ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಹಿಂದಿರುಗಿಸಿ, ರಸೀದಿ ಕೇಳಿ. ನಾಲ್ಕು ಕಾಸು ಹೆಚ್ಚು ಕೊಡುತ್ತೇನೆಂದು ಬಾಗಿಲಿಗೆ ಬಂದವರ ಕೈಗೆ ಕೊಡಬೇಡಿ.

ಮಕ್ಕಳ ಕೆಲಸ ಅದಕ್ಕಿಂತ ಸೊಗಸಾದದ್ದು. ಈ ರಜೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಹಿಡಿದು ಕೂರಿಸಿ ಕೇಳಿ: ಹೇರು ಎಂದರೆ ಎಷ್ಟು ತೂಕ? ಉಪ್ಪು ಯಾವ ದಾರಿಯಿಂದ ಬರುತ್ತಿತ್ತು? ಹೊರೆ ಎಲ್ಲಿ ಇಳಿಸುತ್ತಿದ್ದರು? ಮಲೆನಾಡಿನ ಎಷ್ಟೋ ಹಳೆಯ ಹಾದಿಗಳು ಕಾಡಿನಲ್ಲಿ ಮುಚ್ಚಿಹೋಗಿವೆ, ಇನ್ನೆಷ್ಟೋ ಅಣೆಕಟ್ಟುಗಳ ನೀರಿನಡಿ ಮುಳುಗಿವೆ. ಹಿರಿಯರ ನೆನಪಿನಲ್ಲಿ ಮಾತ್ರ ಅವು ಇನ್ನೂ ಸಾಗುತ್ತಿವೆ.

ಮುಂದಿನ ಸಲ ನಾಗೋಡಿಯ ತಿರುವಿನಲ್ಲಿ ಬಸ್ಸು ಗೇರು ಬದಲಿಸಿದಾಗ ಒಮ್ಮೆ ಕಿವಿಗೊಟ್ಟು ನೋಡಿ. ಇಂಜಿನ್ನಿನ ಸದ್ದಿನ ಹಿಂದೆ, ಹಿಂದೊಮ್ಮೆ ಆ ಕಾಡಿನಲ್ಲಿ ಕೇಳುತ್ತಿದ್ದ ಮುಂದಿನ ಎತ್ತಿನ ಗಂಟೆ ನೆನಪಾದರೆ ಈ ಬರಹ ಓದಿದ್ದು ಸಾರ್ಥಕ.

ನೀವೇ ಲೆಕ್ಕ ಹಾಕಿ

1. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ. ನೂರು ಕಿಲೋ ಸೀಸದ ಗಾತ್ರ ಎಷ್ಟು ಲೀಟರ್? (ಉತ್ತರ: ಸುಮಾರು 8.8 ಲೀಟರ್)

2. ಆ ನೂರು ಕಿಲೋವನ್ನು ಒಂದೇ ಘನಾಕಾರದ ಗಟ್ಟಿ ಮಾಡಿದರೆ ಒಂದು ಮಗ್ಗುಲಿನ ಉದ್ದವೆಷ್ಟು? (ಉತ್ತರ: ಸುಮಾರು 20.7 ಸೆಂಟಿಮೀಟರ್, ಅಂದರೆ ಶಾಲೆಯ ಅಳತೆಪಟ್ಟಿಗಿಂತಲೂ ಚಿಕ್ಕದು)

3. ಒಂದು ಎತ್ತು ನೂರು ಕಿಲೋ ಹೊರುವುದಾದರೆ, ಸಾವಿರ ಸಿಪಾಯಿಗಳ ಗುಂಡಿಗೆ ಬೇಕಾದ ಎರಡು ಟನ್ ಸೀಸಕ್ಕೆ ಎಷ್ಟು ಎತ್ತು? ದಿನಕ್ಕೆ ಆರು ಕಿಲೋದಂತೆ ಹತ್ತು ದಿನಕ್ಕೆ ಅವಕ್ಕೆ ಎಷ್ಟು ಮೇವು? (ಉತ್ತರ: 20 ಎತ್ತು, 1,200 ಕಿಲೋ. ಮೇವನ್ನೂ ಹೊರಿಸಬೇಕಾದರೆ ಇನ್ನೂ 12 ಎತ್ತು. ಆ 12 ಎತ್ತುಗಳ ಮೇವನ್ನು ಯಾರು ಹೊರಬೇಕು? ಯೋಚಿಸಿ.)